ಬೆಲ್ಲನ ಹೊಟ್ಟೆಯಲ್ಲಿ ಮೂಳೆ

ಎಕ್ಸ್‌ರೇಯಲ್ಲಿ ಮೂಳೆ ಕಾಣಿಸಿತು. ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆಯ ನಾಯಿ, ಅದರ ಹೊಟ್ಟೆಯಲ್ಲಿ ಮೂಳೆಯ ಚೂರು.

"ಅಷ್ಟು ಹೇಳಿದ್ರೂ ಮೂಳೆ ಹಾಕೀರಲ್ರಮ್ಮ," ಎಂದರು ಡಾಕ್ಟರ್ ಕೊಟ್ರೇಶ್.

"ನಮ್ಮನೆ ಹೊಸ್ತಿಲೊಳಗೆ ಅದು ಬರೋದೇ ಇಲ್ರೀ," ಎಂದಳು ಅಂಕಿತಾ.

"ಹಂಗಾದ್ರೆ ಯಾರೋ ನಿಮಗೆ ಗೊತ್ತಿಲ್ದಂಗೆ ಹಾಕ್ತಿದಾರೆ. ಇದರ ಕರುಳು ಮೊದಲೇ ಹಣ್ಣಾಗೈತೆ. ಎಲ್ಲಾದ್ರೂ ಚುಚ್ಚಿಕೊಂಡ್ರೆ ನಾಯಿ ಉಳಿಯಲ್ಲ."

ಬೆಲ್ಲ ಮೇಜಿನ ಮೇಲೆ ಮಲಗಿ ಬಾಲ ಅಲ್ಲಾಡಿಸುತ್ತಿತ್ತು. ಯಾರು ಹಾಕಿದರೆಂದು ಗೊತ್ತಿದ್ದದ್ದು ಅದೊಂದಕ್ಕೇ.

ಎಂ.ಸಿ.ಸಿ. 'ಬಿ' ಬ್ಲಾಕ್ ಬಡಾವಣೆಯ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಅಂಕಿತಾಳಿಗೆ ಮಗು ಎಂದರೂ ಬೆಲ್ಲ, ಮುದ್ದು ಎಂದರೂ ಬೆಲ್ಲ. ಅದಕ್ಕೋ ವಾಸಿಯಾಗದ ಕರುಳಿನ ಕಾಯಿಲೆ, ಜೊತೆಗೆ ಸದಾ ಏನಾದರೂ ಕಡಿಯುತ್ತಿರಬೇಕೆಂಬ ಚಪಲ. ಏನು ಕೊಡುವುದು? ಅಂಗಡಿಯ ಚರ್ಮದ ತುಂಡು ಒಳಗೆ ಹೋಗಿ ಉಬ್ಬುತ್ತದೆ, ಬೇಡ. ಹಾಲು ಗಟ್ಟಿಮಾಡಿದ ಕಡ್ಡಿ ತಿಂದರೆ ಭೇದಿ. ಬಣ್ಣದ ಕಡ್ಡಿಗಳಲ್ಲಿ ಏನು ಬೆರೆಸಿದ್ದಾರೋ ಶಿವನೇ ಬಲ್ಲ. ಕೊನೆಗೆ ಒಗ್ಗಿದ್ದು ಗೆಣಸು. ಬೇಯಿಸಿ, ಬೆರಳುದ್ದ ಸೀಳಿ, ಮಹಡಿಯ ಮೇಲೆ ಪಂಚೆ ಹಾಸಿ ಸಂಡಿಗೆಯ ಹಾಗೆ ಒಣಗಿಸುವುದು. ಉಗುರು ಒತ್ತಿದರೆ ಗುರುತು ಮೂಡಬೇಕು, ಅಷ್ಟಕ್ಕಿಂತ ಗಟ್ಟಿಯಾದದ್ದು ಕೊಡಬೇಡಿ ಎಂದಿದ್ದರು ಡಾಕ್ಟರು. ಅಂಕಿತಾ ಒಂದೊಂದನ್ನೂ ಒತ್ತಿ ನೋಡಿಯೇ ಕೊಡುತ್ತಿದ್ದಳು. ಹಲ್ಲಿಲ್ಲದ ಮಾವನಿಗೆ ಚಕ್ಕುಲಿ ಕೊಡುವಾಗಲೂ ಆಕೆ ಇಷ್ಟು ಪರೀಕ್ಷೆ ಮಾಡಿದವಳಲ್ಲ.

ಆದರೂ ಸೋಮವಾರ ಬಂತೆಂದರೆ ಬೆಲ್ಲ ಮೂಲೆ ಹಿಡಿದು ನರಳುತ್ತಿತ್ತು.

ಸೋಮವಾರ! ಅಂಕಿತಾಳಿಗೆ ಥಟ್ಟನೆ ಹೊಳೆಯಿತು. ಆವರಗೆರೆಯಿಂದ ಕೆಲಸಕ್ಕೆ ಬರುವ ಓಬವ್ವನ ಮನೆಯಲ್ಲಿ ಭಾನುವಾರ ಬಾಡೂಟ. ಮಾರನೆಯ ದಿನ ಅವಳು ಚೀಲ ಹಿಡಿದು ಬರುತ್ತಾಳೆ.

"ನಾನು ತಿನ್ನೋದು ಊರಿಗೇ ಗೊತ್ತೈತೆ ಅಮ್ಮಾರೆ," ಎಂದಳು ಓಬವ್ವ, ಕಣ್ಣು ತುಂಬಿಕೊಂಡು. "ಕದ್ದು ಮಾಡೋ ಅಂಥದ್ದು ನನ್ನತ್ರ ಏನೂ ಇಲ್ಲ."

ಅಂಕಿತಾ ನಂಬಲಿಲ್ಲ, ಕೆಲಸ ಬಿಡಿಸಿದಳು. ಗಂಡ ಪ್ರಶಾಂತ ಪಕ್ಕದಲ್ಲೇ ನಿಂತಿದ್ದ. ಯಾರ ಪರವಾಗಿಯೂ ತುಟಿ ಬಿಚ್ಚಲಿಲ್ಲ. ಓಬವ್ವ ಗೇಟು ದಾಟಿದ ಮೇಲೆ, "ಹೋಗ್ಲಿ ಬಿಡು, ಬೇರೆ ಯಾರಾದ್ರೂ ಸಿಕ್ತಾರೆ" ಎಂದ.

ಮುಂದಿನ ಸೋಮವಾರ ಬೆಲ್ಲ ಮತ್ತೆ ವಾಂತಿ ಮಾಡಿತು. ವಾಂತಿಯಲ್ಲಿ ಮೂಳೆಯ ಚೂರು, ಅದರ ಸುತ್ತ ರಕ್ತ. ಓಬವ್ವ ಮನೆಯ ಕಡೆ ಸುಳಿದಿರಲಿಲ್ಲ.

ಹಾಗಾದರೆ ಉಳಿದದ್ದು ಭಾನುವಾರ. ಆ ದಿನ ಪ್ರಶಾಂತ ಬೆಲ್ಲನನ್ನು ಕಾರಿನಲ್ಲಿ ಹರಿಹರಕ್ಕೆ ಕರೆದೊಯ್ಯುತ್ತಿದ್ದ. ಹೊಳೆ ದಂಡೆಯಲ್ಲಿ ನಾಯಿ ಕೈಕಾಲು ಆಡಿಸಲಿ ಎಂದು. ಮೊದಲೆಲ್ಲ ನಾಯಿ ಮುಟ್ಟಿದರೆ ಕೈ ತೊಳೆಯುತ್ತಿದ್ದ ಮನುಷ್ಯ ಈಗ ಇಷ್ಟು ಅಕ್ಕರೆ ತೋರಿಸುತ್ತಾನಲ್ಲ ಎಂದು ಅವಳು ಹಿಗ್ಗಿದ್ದಳು. ನಾನೂ ಬರುತ್ತೇನೆಂದರೆ, "ನೀನು ಬಂದ್ರೆ ಅದು ನಿನ್ನ ಕಾಲು ಬಿಟ್ಟು ಕದಲಲ್ಲ" ಎನ್ನುತ್ತಿದ್ದ.

ಕದ್ದು ಬಾಡು ತಿನ್ನುತ್ತಿದ್ದಾನೆ! ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಹರಿಹರದ ಯಾವುದೋ ಖಾನಾವಳಿಯಲ್ಲಿ ಎಲೆ ಹಾಕಿಸಿಕೊಂಡು, ಉಳಿದ ಮೂಳೆಯನ್ನು ನಾಯಿಗೆ ಎಸೆಯುತ್ತಿದ್ದಾನೆ. ಅವಳ ಮೈ ಉರಿಯಿತು. ತಿಂದದ್ದಕ್ಕಲ್ಲ. ಓಬವ್ವ ಅಳುತ್ತಾ ಹೋಗುವಾಗ ಕಲ್ಲಿನಂತೆ ನಿಂತಿದ್ದನಲ್ಲ, ಅದಕ್ಕೆ. ಕೇಳಿದರೆ ಒಪ್ಪುವ ಗಂಡಸಲ್ಲ. ಆ ಜಾಗ ಕಣ್ಣಾರೆ ಕಂಡೇ ಮಾತಾಡಬೇಕು.

ಪ್ರಶಾಂತನಿಗೆ ಮೋಟಾರು ಪಂಪಿನ ವ್ಯಾಪಾರ. ಮುಂದಿನ ಭಾನುವಾರ ಕಂಪನಿಯವರು ಕರೆದರೆಂದು ಪುಣೆಗೆ ಹೋಗಿದ್ದ. ಖಾನಾವಳಿಯ ದಾರಿ ನಾಯಿಯೇ ತೋರಿಸುತ್ತದೆಂದು ಅಂಕಿತಾ ಬೆಲ್ಲನನ್ನು ಸ್ಕೂಟರಿನ ಮುಂದೆ ಕೂರಿಸಿಕೊಂಡು ಹರಿಹರಕ್ಕೆ ಹೊರಟಳು. ಹೊಳೆಯ ರಸ್ತೆಯಲ್ಲಿ ಇಳಿಸಿ ಹಗ್ಗ ಸಡಿಲ ಬಿಟ್ಟಳು.

ಬೆಲ್ಲ ಹೊಳೆಯತ್ತ ತಿರುಗಿಯೂ ನೋಡಲಿಲ್ಲ. ಅವಳನ್ನು ಎಳೆದುಕೊಂಡು ಒಂದು ಓಣಿಗೆ ನುಗ್ಗಿತು. ಹಸಿರು ಬಾಗಿಲೊಂದನ್ನು ಪರಪರ ಕೆರೆಯಿತು.

ಬಾಗಿಲು ತೆರೆದವಳು ಅವಳದೇ ವಯಸ್ಸಿನ ಹೆಂಗಸು. ಕೈಯೆಲ್ಲ ಹಿಟ್ಟು. ಒಳಗಿನಿಂದ ಬಾಡಿನ ಮಸಾಲೆ ಘಮ್ಮೆಂದಿತು. "ಅಯ್ಯೋ, ಬೆಲ್ಲ!" ಎಂದು ಆಕೆ ನಕ್ಕಳು. ನಾಯಿ ಸೀದಾ ಅಡಿಗೆಮನೆಗೆ ಓಡಿತು. ಅಂಕಿತಾ ಓಡಿಹೋಗಿ ಅದನ್ನು ಎಳೆದು ತಂದು ಅವುಚಿಕೊಂಡಳು. ಮನೆಯಲ್ಲೇ ಊಟ ಹಾಕುವವರು ಇರಬೇಕು ಎಂದುಕೊಂಡಳು.

"ಭಾನುವಾರ ಈ ನಾಯಿ ಕರ್ಕೊಂಡು ಒಬ್ರು ಊಟಕ್ಕೆ ಬರ್ತಾರಲ್ರೀ?"

"ಹೂಂ ರೀ, ತಪ್ಪಿಸೋದೇ ಇಲ್ಲ."

"ಅವರೇನಾದ್ರೂ ತಿನ್ಲಿ. ನಿಮ್ಮ ಕಾಲು ಹಿಡೀತೀನಿ, ಇದಕ್ಕೆ ಮಾತ್ರ ಮೂಳೆ ಹಾಕಬ್ಯಾಡ್ರಿ. ಕರುಳಿನ ರೋಗ ಐತೆ, ಸತ್ತೇ ಹೋಗ್ತದೆ."

ಆ ಹೆಂಗಸು ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡಳು. "ಶಿವನೇ! ಆಸೆಪಡ್ತದೆ ಅಂತ ನಾನೇ ಹಾಕ್ತಿದ್ದೆ. ಅವರು ಒಂದು ಮಾತೂ ಹೇಳ್ಲಿಲ್ಲ ನೋಡ್ರಿ. ನನ್ನಾಣೆ, ಇನ್ನು ಹಾಕಲ್ಲ."

ಒಳ್ಳೆಯ ಹೆಂಗಸು. ಅಂಕಿತಾಳ ಎದೆಯ ಭಾರ ಇಳಿಯಿತು. ಬೆಲ್ಲ ಉಳಿಯಿತು. ಓಬವ್ವನ ಕೈಕಾಲು ಹಿಡಿದು ವಾಪಸು ಕರೆತರಬೇಕು. ಪ್ರಶಾಂತನನ್ನು ನಾಲ್ಕು ದಿನ ಬೈದು ಕ್ಷಮಿಸಿದರಾಯಿತು, ತಿಂದದ್ದು ಬಾಡು ತಾನೇ. ಅವಳು ಹೊರಡಲು ತಿರುಗಿದಳು.

"ತಡೀರಿ, ಎಲ್ಲಿಗೆ ಹೊರಟ್ರಿ?" ಹೆಂಗಸು ಒಳಗಿನಿಂದ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟುಕೊಂಡು ಬಂದಳು. "ನಾಯಿ ನಮ್ಮ ತಂಗೀದು ಅಂತಿದ್ರು ನಮ್ಮನೆಯವರು. ಆ ತಂಗೀನ ಒಂದ್ಸಲ ತೋರಿಸ್ರಿ ಅಂತ ಮದುವೆ ಆದಾಗಿಂದ ಕೇಳಿ ಸಾಕಾಗಿತ್ತು. ನಾದಿನಿ ಮೊದಲ ಸಲ ಮನೆಗೆ ಬಂದೀರಿ, ಉಡಿ ತುಂಬದೆ ಹೆಂಗೆ ಕಳಿಸ್ಲಿ? ವೇಲ್ ಚಾಚ್ರಿ. ಪುಟ್ಟೀ, ಬಾರೇ ಇಲ್ಲಿ, ನಿಮ್ಮಪ್ಪನ ತಂಗಿ ಬಂದಾರೆ, ಅತ್ತೆ ಕಾಲಿಗೆ ಬೀಳು."