ಮಾಲಕರ ಚಪ್ಪಲಿಯ ಋಣ

ಇದು ಖರೇ ನಡೆದದ್ದು. ಮಗ್ಗದ ಮಾಲಕರಾದ ವಿರೂಪಾಕ್ಷಪ್ಪನವರು ಅಷ್ಟು ಸಿಟ್ಟಾದದ್ದನ್ನು ಶಹಾಪುರದ ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ಶಿವಬಸವ್ವನ ಹೊಸ್ತಿಲ ಹೊರಗೆ ಬಿಟ್ಟಿದ್ದ ಅವರ ಹೊಸ ಚಪ್ಪಲಿ ಮಾಯವಾಗಿದ್ದವು. "ಯಾಂವ ಒಯ್ದಾಂವ? ನೋಡಾಕ ಒಬ್ಬರೂ ಇದ್ದಿಲ್ಲೇನು?" ಎಂದು ಒದರಿದರು.

ಐದು ನಿಮಿಷದ ಹಿಂದೆ, ಆಕೆಯನ್ನು ಸಂತೈಸಲು ಬಂದು ಒಳಗೆ ಕೂತಿದ್ದಾಗ, ಅದೇ ದನಿ ಜೇನಾಗಿತ್ತು. ಅವರ ಕರೆಂಟಿನ ಮಗ್ಗವನ್ನು ತಿರುಗಿಸುವ ಬೆಲ್ಟಿಗೆ, ಆ ಪಟ್ಟಾಕ್ಕೆ, ಸಿಕ್ಕು ಶಿವಬಸವ್ವನ ಎರಡು ಬೆರಳು ಹೋಗಿದ್ದವು. ಕೈ ಸಿಗದಂತೆ ಪಟ್ಟಾಕ್ಕೆ ಕಬ್ಬಿಣದ ಜಾಳಿ ಹಾಕಿಸಿರೆಂದು ಆಕೆ ವರ್ಷದಿಂದ ಕೇಳುತ್ತಿದ್ದಳು. ನಾಳೆಯಿಂದ ಆಕೆಯ ಬದಲು ಅದೇ ಮಗ್ಗದ ಕೆಲಸಕ್ಕೆ ಸಾಕ್ಷಿ ಎಂಬ ಆಕೆಯ ಮಗಳು ನಿಲ್ಲಬೇಕಿತ್ತು. "ಜಾಳಿ ಏನ್ ಮಾಡ್ತೇತಿ ಬೇ? ಆ ಬೆರಳಿನ ಋಣ ಅಷ್ಟ ಇತ್ತು. ದೇವರ ಮನಸ್ಸು ನಮಗೇನ್ ತಿಳಿತೇತಿ? ಸಮಾಧಾನ ಮಾಡ್ಕೋ," ಎಂದಿದ್ದರು ಮಾಲಕರು.

ಈಗ ಶಿವಬಸವ್ವ ಬಾಗಿಲಿಗೆ ಬಂದಳು. ಅವರಂತೆಯೇ ಕಣ್ಣು ಅರ್ಧ ಮುಚ್ಚಿ, ಮೂಗಿನಿಂದ ಅವರದೇ ದನಿ ತೆಗೆದಳು: "ಚಪ್ಪಲಿ ಋಣ ಅಷ್ಟ ಇತ್ತು ಬಿಡ್ರಿ. ದೇವರ ಮನಸ್ಸು ನಮಗೇನ್ ತಿಳಿತೇತಿ? ಸಮಾಧಾನ ಮಾಡ್ಕೋರಿ."

ಓಣಿಯ ಹೆಂಗಸರು ಬಾಯಿಗೆ ಸೆರಗಿಟ್ಟರೂ ನಗು ನಿಲ್ಲಲಿಲ್ಲ. ಆಕೆ ಮಾತ್ರ ನಗಲಿಲ್ಲ. ಬ್ಯಾಂಡೇಜಿನ ಕೈಯಿಂದ, ಮಗಳು ಸಾಕ್ಷಿ ಬಾಗಿಲ ಬದಿಗೆ ಬೋರಲು ಹಾಕಿಟ್ಟಿದ್ದ ಬುಟ್ಟಿ ಎತ್ತಿದಳು. ಚಪ್ಪಲಿ ಅದರಡಿ ಇದ್ದವು. "ಇವು ಹೊಳ್ಳಿ ಸಿಗ್ತಾವ್ರಿ, ನನ್ನ ಬೆರಳು ಸಿಗೂದಿಲ್ಲ. ಜಾಳಿ ಕುಂದರೂತನಕ ಚಪ್ಪಲೀನೂ ಇಲ್ಲೇ, ಸಾಕ್ಷೀನೂ ಇಲ್ಲೇ."

ಕಾದ ಡಾಂಬರಿನ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಊರುತ್ತ, ಮಾಲಕರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗುತ್ತಲೇ ಅವರ ಹೆಬ್ಬೆರಳು ಮೊಬೈಲಿನಲ್ಲಿ ಜಾಳಿ ಕೂಡಿಸುವ ಖಾನಾಪುರದ ಫಿಟರ್‌ನ ನಂಬರು ಹುಡುಕುತ್ತಿತ್ತು.