ಎಡಗೈ ಬೆರಳು

"ಯಂತ್ರಕ್ಕೆ ಕೈ ಸಿಗದ ಹಾಗೆ ಹಾಕಿರೋ ಜಾಲರಿ ಕಳಚಿದೆ ಅಂತ ಕೆಲಸಕ್ಕೆ ನಿಲ್ಲೋ ಮೊದ್ಲೇ ಇವನಿಗೆ ಬೆರಳಿಟ್ಟು ತೋರ್ಸಿದ್ದೆ. ಹೇಳೋ ಪುಟ್ಟ, ಸಾಹೇಬ್ರಿಗೆ ಅವರ ಭಾಷೇಲಿ ಹೇಳು." ಅಣ್ಣ ಎಡಗೈ ಎತ್ತಿ ಸೂಪರ್‌ವೈಸರನ ಮುಖಕ್ಕೇ ಬೆರಳು ಮಾಡಿದ. ಬಲಗೈ ಬೆರಳುಗಳನ್ನು ಆ ಯಂತ್ರ ನುಂಗಿತ್ತು.

ವಿಚಾರಣೆಗೆ ಬಂದ ಅಧಿಕಾರಿಗೆ ಸ್ಪ್ಯಾನಿಷ್ ಒಂದೇ ಗೊತ್ತು. ಎರಡೂ ಭಾಷೆ ಬಲ್ಲವನು ತಮ್ಮನಾದ ಪುಟ್ಟನೊಬ್ಬನೇ. ಬೆರಳಿಟ್ಟು ತೋರಿಸಿದ ಎನ್ನಲು ಆ ಭಾಷೆಯಲ್ಲಿ 'ಸೆನ್ಯಲಾರ್' ಇತ್ತು. ಸುಮ್ಮನೆ ಸುಳಿವು ಕೊಟ್ಟ ಎನ್ನಲು 'ಸುಹೆರೀರ್'. ಮೊದಲನೆಯದಾದರೆ ಸೂಪರ್‌ವೈಸರ್ ಸಿಕ್ಕಿಬೀಳುತ್ತಿದ್ದ. ಎರಡನೆಯದಾದರೆ ಸರಿಯಾಗಿ ಹೇಳಲಿಲ್ಲವೆಂದು ತಪ್ಪನ್ನೆಲ್ಲ ಅಣ್ಣನ ತಲೆಗೇ ಕಟ್ಟಿ ಮನೆಗೆ ಅಟ್ಟುತ್ತಿದ್ದರು. ಯಂತ್ರ ಬಿಟ್ಟು ಆಫೀಸಿನಲ್ಲಿ ಕೂರುವೆಯಂತೆ ಎಂದು ಬೆಳಿಗ್ಗೆ ತಾನೇ ಸೂಪರ್‌ವೈಸರ್ ತಮ್ಮನ ಭುಜ ತಟ್ಟಿದ್ದ.

"ಏನೋ, ನಾನೇನು ಒಗಟು ಹೇಳಿದ್ನಾ?" ಅಣ್ಣ ನಕ್ಕ. "ಬೇಗ ಹೇಳೋ, ಕೈ ನೋಯ್ತಿದೆ."

ತಮ್ಮನು ನೆಲ ನೋಡುತ್ತ 'ಸುಹೆರೀರ್' ಅನ್ನೇ ಬಳಸಿ ಹೇಳಿ ಮುಗಿಸಿದ. ಅಧಿಕಾರಿ ತಲೆಯಾಡಿಸಿ ಬರೆದುಕೊಂಡ. ಅಲ್ಲಿಯವರೆಗೆ ಕುರ್ಚಿಯ ತುದಿಯಲ್ಲಿದ್ದ ಸೂಪರ್‌ವೈಸರ್ ಹಿಂದಕ್ಕೆ ಒರಗಿ ಕಾಲು ಚಾಚಿದ. ಒಂದು ಮಾತೂ ತಿಳಿಯದ ಅಣ್ಣ ಆ ಚಾಚಿದ ಕಾಲನ್ನೇ ದಿಟ್ಟಿಸಿದ. ಅವನ ನಗು ಆರಿತು. ಎತ್ತಿದ ಬೆರಳು ನಿಧಾನವಾಗಿ ಸೂಪರ್‌ವೈಸರನಿಂದ ಸರಿದು, ತಮ್ಮನ ಕಡೆಗೆ ತಿರುಗಿ ನಿಂತಿತು.