ಮಾವ ಕೂರಿಸಿದ ಆಕ್ಸಲ್

ಸೊಸೆ ಹಾಕಿದ್ದು ಮೊದಲನೇ ಗೇರು. ಪಿಕಪ್ ಮಾತ್ರ ಹಿಂದಕ್ಕೆ ಹೋಗಿ ಶೆಡ್ಡಿನ ಡ್ರಮ್ಮಿಗೆ ಗುದ್ದಿತು. ಕೈತಪ್ಪಿರಬೇಕು ಎಂದುಕೊಂಡು ಎರಡನೇ ಗೇರು ಹಾಕಿದಳು. ಈ ಸಲ ಡ್ರಮ್ಮು ಉರುಳಿಯೇ ಬಿತ್ತು.

"ಮಾವ! ಏನ್ ಮಾಡಿಟ್ಟಿದ್ದೀರಿ ಇದಕ್ಕೆ?"

ಮಾವ ಗಾಡಿಯ ಕೆಳಗೆ ತೂರಿದರು. ಹೊರಗೆ ಬಂದಾಗ ಅವರ ಮುಖ ಹುಳ್ಳಹುಳ್ಳಗಾಗಿತ್ತು. ಇಷ್ಟು ದಿನ ಹಾಸಿಗೆ, ಕುರ್ಚಿ ಅಂತ ಹಗುರ ಸಾಮಾನು ಹೊರುತ್ತಿದ್ದ ಹಳೇ ಪಿಕಪ್ಪಿಗೆ ಕಲ್ಲು ಹೊರುವ ತಾಕತ್ತು ಬರಲಿ ಎಂದು, ಗುಜರಿಯಿಂದ ಲಾರಿಯೊಂದರ ಹಿಂಚಕ್ರಗಳನ್ನು ತಿರುಗಿಸುವ ಆಕ್ಸಲ್ ತಂದು ಕೂರಿಸಿದ್ದು ಅವರೇ. ಗ್ಯಾರೇಜಿಗೆ ಕೊಡೋಣ ಎಂದ ಮಗನನ್ನು ಗದರಿಸಿ ಬಾಯಿ ಮುಚ್ಚಿಸಿದ್ದೂ ಅವರೇ.

"ಸ್ಪ್ರಿಂಗ್ ಕೂರೋ ಜಾಗ ವೆಲ್ಡ್ ಮಾಡೋವಾಗ ಆಕ್ಸಲ್ ಅಂಗಾತ ಮಲಗಿತ್ತು ಕಣಮ್ಮ. ನಾನು ಬೋರಲು ಅಂದ್ಕೊಂಡುಬಿಟ್ಟೆ. ಈಗ ಅದು ತಲೆಕೆಳಗು. ಚಕ್ರ ಉಲ್ಟಾ ತಿರುಗ್ತವೆ. ಹಿಂದಕ್ಕೆ ಹೋಗೋಕೆ ನಾಲ್ಕು ಗೇರು, ಮುಂದಕ್ಕೆ ಒಂದೇ."

ಅಯ್ಯೋ ದೇವರೇ! ಒಮ್ಮೆ ಓಡಿಸಿ ನೋಡುವ ಮೊದಲೇ ಮೆಟ್ಟಿಲುಕಲ್ಲು ಹೇರಿಯಾಗಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲು ಕಲ್ಲು ಬಂದರೆ ಇಡೀ ಕಟ್ಟಡದ ಸಾಗಾಟ ನಿನಗೆ, ಇಲ್ಲವೋ ದೊಡ್ಡ ಲಾರಿಯವನಿಗೆ ಎಂದು ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದ್ದ.

ಮಾವ ಉರುಳಿದ ಡ್ರಮ್ಮಿನ ಮೇಲೆ ಕುಸಿದು ಕೂತರು. "ಕೈಗೆ ವಯಸ್ಸಾಯ್ತು. ಇನ್ನು ನಾನು ಸ್ಪ್ಯಾನರ್ ಮುಟ್ಟಲ್ಲ."

ಸೊಸೆ ಗಾಡಿಯ ಆ ಕಡೆಯ ಬಾಗಿಲು ತೆರೆದಳು. ಕಲ್ಲಿನ ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಈ ಮನುಷ್ಯ ಹೀಗೆ ಕೂತುಬಿಟ್ಟರೆ ಮತ್ತೆ ಎಬ್ಬಿಸುವವರು ಯಾರು? "ಆ ಶಪಥ ಎಲ್ಲ ಆಮೇಲೆ. ಈಗ ಹತ್ತಿ ಕೂತ್ಕೊಳ್ಳಿ," ಎಂದಳು.

ರಿವರ್ಸ್ ಗೇರಿನಲ್ಲಿ ಪಿಕಪ್ ಗೊಯ್ಯೋ ಎಂದು ಅಳುತ್ತಾ ಮುಂದಕ್ಕೆ ಹೊರಟಿತು. ದಾರಿಯುದ್ದಕ್ಕೂ ಸೈಕಲ್ಲುಗಳು ಹಿಂದೆ ಹಾಕಿದವು. ಪೇಪರ್ ಹಿಡಿದು ನಡೆಯುತ್ತಿದ್ದ ಮುದುಕನೊಬ್ಬನೂ ಹಿಂದೆ ಹಾಕಿದ. ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಆದರೆ ಅಷ್ಟು ಕಲ್ಲು ಹೊತ್ತರೂ ಹಿಂಭಾಗ ಒಂದಿಷ್ಟೂ ಜಗ್ಗಲಿಲ್ಲ.

ಕಟ್ಟಡಕ್ಕೆ ಹೋಗುವುದು ಇಕ್ಕಟ್ಟಾದ ಏರುಗಲ್ಲಿ. ಮೇಲೆ ಗಾಡಿ ತಿರುಗಿಸಲು ಜಾಗವಿಲ್ಲ, ಹಿಮ್ಮುಖವಾಗಿಯೇ ಹತ್ತಬೇಕು. ದೊಡ್ಡ ಲಾರಿಯವನು ಆಗಲೇ ಬಂದು, ಹತ್ತಿಸಲಾಗದೆ, ಪಕ್ಕಕ್ಕೆ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದ.

ಸೊಸೆ ಗಾಡಿಯ ಬೆನ್ನನ್ನು ಗಲ್ಲಿಗೆ ತಿರುಗಿಸಿದಳು. ಮೊದಲನೇ ಗೇರು ಹಾಕಿದಳು, ಕತ್ತು ಹಿಂದಕ್ಕೆ ಹೊರಳಿಸಿದಳು. ಪಿಕಪ್ ಕಲ್ಲಿನ ಸಮೇತ ಸಲೀಸಾಗಿ ಏರಿತು. ಅರ್ಧ ದಾರಿಯಲ್ಲಿ ಹುರುಪು ಬಂದು ಎರಡನೇ ಗೇರನ್ನೂ ಹಾಕಿದಳು. ಮೇಸ್ತ್ರಿ ಬಿಟ್ಟ ಬಾಯಿ ಬಿಟ್ಟಂತೆಯೇ ಗೋಡೆಗೆ ಒತ್ತಿಕೊಂಡ.

"ಹಿಂದಕ್ಕೆ ಓಡೋದ್ರಲ್ಲಿ ಇಂಥ ದಮ್ಮಿರೋ ಗಾಡಿ ನಾನು ನೋಡೇ ಇಲ್ಲ! ನಾಳೆಯಿಂದ ಕಲ್ಲೆಲ್ಲ ನೀನೇ ತಾರಮ್ಮ. ಯಾರು ಮಾಡಿದ್ದು ಈ ಕೆಲಸ?"

ಟವೆಲಿನೊಳಗಿಂದ ಮೊದಲು ಒಂದು ಕಣ್ಣು ಹೊರಬಂತು, ಆಮೇಲೆ ಮೀಸೆ. "ನಾನೇ," ಎಂದರು ಮಾವ. "ಬೇಕಂತ್ಲೇ ಹಾಗೆ ಕೂರಿಸಿದ್ದು."

ಸೊಸೆ ನಗು ತಡೆಯಲಾರದೆ ಸ್ಟೇರಿಂಗಿಗೆ ಹಣೆ ಆನಿಸಿದಳು. ಅಷ್ಟರಲ್ಲಿ ಲಾರಿಯವನು ಏದುಸಿರು ಬಿಡುತ್ತಾ ಗಲ್ಲಿ ಹತ್ತಿ ಬಂದ. "ಯಜಮಾನ್ರೇ, ನನ್ನ ಲಾರಿಗೂ ಹಿಂಗೇ ಮಾಡಿಕೊಡ್ತೀರಾ?"

ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಸ್ಪ್ಯಾನರ್ ಎಲ್ಲಿಟ್ಟೆ ತಾಯಿ?"